ಕಾಲರಿನ ಮೂಲೆ ತಿರುಗಿಸುವಾಗ

ಭಾನುವಾರ, ಮಾರ್ಚ್ ೧೧

ಪ್ರೀತಿಯ ಅಕ್ಕ,

ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ಕೊನೆಗೆ ಇಟ್ಟುಕೊಂಡರೆ ಕ್ಷೇಮಸಮಾಚಾರದಲ್ಲೇ ಹಾಳೆ ತುಂಬಿಸಿ ಸಹಿ ಹಾಕಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನವೆಂಬರಿನಲ್ಲಿ ನಿನ್ನ ಬೆರಳಿಗೆ ಸೂಜಿ ಹೊಕ್ಕಿದ್ದು ನಿನ್ನ ಕೈತಪ್ಪಿನಿಂದ ಅಲ್ಲ. ನಿನ್ನ ಕಣ್ಣಿಗೂ ಏನೂ ಆಗಿಲ್ಲ, ಕೈಗೆ ವಯಸ್ಸೂ ಆಗಿಲ್ಲ. ನಾನು ನಿನಗೆ ತೊಡಲು ಕೊಟ್ಟ ಅಂಗಿ ಆ ಗಳಿಗೆಯಲ್ಲಿ ನಿನ್ನ ಪಕ್ಕೆ ಹಿಂಡಿತು. ನೀನು ಬೆಚ್ಚಿದೆ, ಕಾಲು ಪೆಡಲನ್ನು ಒತ್ತಿತು. ಇದು ನನಗೆ ನಾಲ್ಕು ತಿಂಗಳಿಂದ ಗೊತ್ತು.

ಇಷ್ಟು ಬರೆದು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ತಡವಾಗಿದ್ದಕ್ಕೆ ಏನು ನೆಪ ಹೇಳಲಿ? ವಾರವಾರ ಫೋನಿನಲ್ಲಿ ಮಾತಾಡುತ್ತಲೇ ಇದ್ದೇವಲ್ಲ, ಈಗೇಕೆ ಕಾಗದ ಎಂದು ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ನನ್ನಿಂದ ಆಗಲಿಲ್ಲ ಅಕ್ಕ. ಮೂರು ಸಲ ಶುರು ಮಾಡಿದೆ. ಮೂರು ಸಲವೂ ನೀನು "ಏನೋ ಹೇಳೋಕೆ ಹೊರಟಿದ್ದೆ, ಹೇಳು" ಅಂದೆ. ನಾನು "ಏನಿಲ್ಲ, ಭಾವನ ಮಂಡಿನೋವು ಹೇಗಿದೆ ಅಂತ" ಅಂದೆ. ಭಾವನ ಮಂಡಿಯ ಮೇಲೆ ನನಗೆ ಇದ್ದಕ್ಕಿದ್ದ ಹಾಗೆ ಇಷ್ಟು ಅಕ್ಕರೆ ಉಕ್ಕಿದ್ದು ನಿನಗೂ ವಿಚಿತ್ರ ಅನ್ನಿಸಿರಬೇಕು. ಕಾಗದದಲ್ಲಾದರೆ ನಡುವೆ ಯಾರೂ "ಹೂಂ" ಅನ್ನುವುದಿಲ್ಲ, ನನಗೂ ಮಾತು ಹೊರಳಿಸುವುದಕ್ಕೆ ಆಗುವುದಿಲ್ಲ. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನಗೆ ಮನೆಯ ಭಾಷೆಯ ಅಕ್ಷರ ತಿದ್ದಿಸಿದವಳು ನೀನು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ. ಒತ್ತಕ್ಷರ ತಪ್ಪಿದ್ದರೆ ಈಗಲೂ ನೀನೇ ತಿದ್ದಿಕೊಂಡು ಓದಬೇಕು.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಜ್ವರ ಇಲ್ಲ, ಕೆಲಸಕ್ಕೆ ಹೋಗುತ್ತಿದ್ದೇನೆ. ಆದರೆ ಎಷ್ಟು ಮಲಗಿದರೂ ಸುಸ್ತು ಇಳಿಯುತ್ತಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗಲೇ ಸಂಜೆಯಾದ ಹಾಗೆ ಅನ್ನಿಸುತ್ತದೆ. ಕಿಟಕಿಯ ಕೆಳಗಿನ ರಸ್ತೆ ಅಗೆದಿದ್ದಾರೆ, ಎರಡು ವಾರದಿಂದ ಹಾಗೇ ಬಿಟ್ಟಿದ್ದಾರೆ. ಹಾದು ಹೋಗಲು ಒಂದು ಹಲಗೆ ಹಾಕಿದ್ದಾರೆ. ಅದರ ಮೇಲೆ ದಿನಾ ಎರಡು ಸಲ ನಡೆಯುತ್ತೇನೆ, ದಿನಾ ಎರಡು ಸಲ ಬೈದುಕೊಳ್ಳುತ್ತೇನೆ. ನನ್ನ ಸಮಾಚಾರ ಇಷ್ಟೇ.

ಇನ್ನು ಆ ಅಂಗಿ. ಅದು ಏನು ಮಾಡುತ್ತದೆ ಎಂದು ನಿನಗೆ ನಾನು ಯಾವತ್ತೂ ನೆಟ್ಟಗೆ ಹೇಳಿರಲಿಲ್ಲ. "ಹಾಕ್ಕೋ ಅಕ್ಕ, ಎದೆ ಬಿಗಿಯೋದು ಕಡಿಮೆಯಾಗುತ್ತೆ" ಎಂದಷ್ಟೇ ಹೇಳಿ ಕೊಟ್ಟಿದ್ದೆ. ನೀನು ಒಳಗೆ ಹೊರಗೆ ತಿರುಗಿಸಿ ನೋಡಿ, "ಕಂಕುಳ ಹೊಲಿಗೆ ಯಾರು ಹಾಕಿದ್ದು? ಚಪ್ಪಲಿ ಹೊಲಿಯೋನಾ?" ಅಂದಿದ್ದೆ. ಹಾಕಿದ್ದು ನಾನೇ.

ಎದೆಯ ಕೆಳಗೆ ಒಂದು ಪಟ್ಟಿ ಇದೆಯಲ್ಲ, ಅದರಲ್ಲಿ ಬೆಳ್ಳಿಯ ಲೇಪ ಇರುವ ನೂಲು ಇದೆ. ಉಸಿರು ಎಳೆದಾಗ ಪಟ್ಟಿ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಅದನ್ನು ನೂಲು ಅಳೆಯುತ್ತದೆ. ಎದೆಬಡಿತವನ್ನೂ ಅಳೆಯುತ್ತದೆ. ಅಳತೆಯೆಲ್ಲ ನಮ್ಮ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ. ಉಸಿರು ತೀರಾ ಏದುಸಿರಾದರೆ, ಇಲ್ಲವೇ ಎಂಟು ಸೆಕೆಂಡು ಆಡದೆ ನಿಂತರೆ, ಪಕ್ಕೆಯ ಹತ್ತಿರ ಒಂದು ಸಣ್ಣ ತಂತಿ ಬೆಚ್ಚಗಾಗಿ ಕುಗ್ಗುತ್ತದೆ. ಅಂಗಿ ಮೆಲ್ಲಗೆ ಹಿಂಡಿ ಬಿಡುತ್ತದೆ, ಮೂರು ಸಲ. ಯಾರೋ ಪಕ್ಕದಲ್ಲಿ ನಿಂತು "ಉಸಿರಾಡು, ಏನೂ ಆಗಿಲ್ಲ" ಅಂದ ಹಾಗೆ. ಇದು ನನ್ನ ಮಾತು, ಪೆಟ್ಟಿಗೆಯ ಮೇಲೂ ಅಚ್ಚಾಗಿದೆ. ಮೂರು ವರ್ಷ ಈ ಒಂದು ಅಂಗಿಯ ಕೆಲಸಕ್ಕೇ ಕೂತಿದ್ದೇನೆ. ನಾವು ಅದನ್ನು ಉಸಿರಂಗಿ ಅನ್ನುತ್ತೇವೆ. ಅದು ಸುಳ್ಳೂ ಅಲ್ಲ ಅಕ್ಕ. ಬಸ್ಸಿನ ನೂಕುನುಗ್ಗಲಿನಲ್ಲಿ ಅದು ನನ್ನನ್ನು ಎಷ್ಟೋ ಸಲ ಸಮಾಧಾನ ಮಾಡಿದೆ. ನೀನೂ ಸಂಜೆ ನಡೆಯುವಾಗ ಹಗುರ ಅನ್ನಿಸುತ್ತೆ ಅಂದಿದ್ದೆ.

ಎಂಟು ಸೆಕೆಂಡು ಎಂದು ಗೊತ್ತು ಮಾಡಿದ್ದು ನಾನು. ಯಾರನ್ನು ನೋಡಿ ಗೊತ್ತು ಮಾಡಿದೆ? ನಮ್ಮ ಕಚೇರಿಯಲ್ಲೇ ಕುರ್ಚಿಯಲ್ಲಿ ಕೂತವರನ್ನು. ಕೆಟ್ಟ ಸುದ್ದಿಯ ಮೇಲ್ ಬಂದಾಗ ಅವರು ತಮಗೇ ಗೊತ್ತಿಲ್ಲದೆ ಉಸಿರು ಹಿಡಿಯುತ್ತಾರೆ. ಹಾಗಾಗಿ ಉಸಿರು ಹಿಡಿದರೆ ಗಾಬರಿ ಎಂದು ಬರೆದುಕೊಂಡೆ. ಹೊಲಿಗೆಯವಳ ಮನೆಯಲ್ಲಿ ಬೆಳೆದ ನಾನು ಹಾಗೆ ಬರೆದೆ, ನೋಡು.

ನಮ್ಮ ಮುಖ್ಯಸ್ಥೆಗೆ ನಾವು ಇಟ್ಟ ಹೆಸರು ನಿಟ್ಟುಸಿರು. ಪ್ರತಿ ಮಾತಿಗೂ ಮುಂಚೆ ಒಂದು ಬಿಡುತ್ತಾರೆ. ಉಸಿರಂಗಿ ಮಾರಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಡ ಎಂದು ನಗಾಡುತ್ತೇವೆ. ಕೆಟ್ಟವರಲ್ಲ, ಅವರಿಗೂ ಸುಸ್ತೇ. ಪರೀಕ್ಷೆಗೆ ಹತ್ತು ಅಂಗಿ ಹೊರಗಿನವರಿಗೆ ಕೊಟ್ಟಿದ್ದೆವು. ಒಬ್ಬರು ಒಗೆಯುವ ಯಂತ್ರಕ್ಕೆ ಹಾಕಿ ಕೆಡಿಸಿದರು, ಇಬ್ಬರು ತುರಿಕೆ ಎಂದು ವಾಪಸು ಕೊಟ್ಟರು, ಉಳಿದವರಲ್ಲಿ ಅರ್ಧ ಜನ ಹಾಕಿಕೊಳ್ಳುವುದನ್ನೇ ಮರೆತರು. ಆಗ ಹನ್ನೊಂದನೆಯದನ್ನು ನಿನಗೆ ಕೊಟ್ಟೆ. ತಂಗಿ ಮಾಡಿದ್ದು ಎಂದು ನೀನು ಒಂದು ದಿನವೂ ತಪ್ಪಿಸದೆ, ಬೆಳಗ್ಗೆ ಅಂಗಡಿ ಬಾಗಿಲು ತೆರೆಯುವುದರಿಂದ ಸಂಜೆ ನಡೆದು ಬರುವವರೆಗೂ ಹಾಕಿಕೊಂಡೆ.

ನಮ್ಮಲ್ಲಿ ಅಳತೆಯ ಗೆರೆಗಳನ್ನು ಓದುವ ಎಂಜಿನಿಯರ್ ಒಬ್ಬಳಿದ್ದಾಳೆ, ಚಿಕ್ಕ ವಯಸ್ಸಿನವಳು. ನಾನು ಅವಳನ್ನು ಗೆರೆಯಮ್ಮ ಅನ್ನುತ್ತೇನೆ. ಅವಳಿಗೆ ಹನ್ನೊಂದನೆಯವರು ಯಾರೆಂದು ಗೊತ್ತಿರಲಿಲ್ಲ. ಅಕ್ಟೋಬರಿನಲ್ಲಿ ಒಂದು ದಿನ ನನ್ನ ಮೇಜಿಗೆ ಬಂದು, "ಮೇಡಂ, ಈ ಹನ್ನೊಂದನೆಯವರು ದಿನಕ್ಕೆ ಎಪ್ಪತ್ತು ಎಂಬತ್ತು ಸಲ ಉಸಿರು ನಿಲ್ಲಿಸ್ತಾರೆ. ಪಾಪ, ಅವರಿಗೆ ಮನೆಯಲ್ಲಿ ಏನು ಕಷ್ಟವೋ" ಅಂದಳು.

ನಾನು ಗೆರೆ ನೋಡಿದೆ. ನೋಡಿದ ಕೂಡಲೇ ಅರ್ಥವಾಯಿತು. ಕಷ್ಟ ಏನೂ ಅಲ್ಲ, ಅದು ಕಾಲರಿನ ಮೂಲೆ.

ನೆನಪಿದೆಯಾ? ನೀನು ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಮೂಲೆ ತಿರುಗಿಸಿ, ತುದಿ ಬೆರಳಲ್ಲಿ ಒತ್ತಿ ಹಿಡಿದು ಆ ಒಂದು ಹೊಲಿಗೆ ಹಾಕುವಾಗ "ಉಸಿರಾಡ್ಬೇಡ, ಮೂಲೆ ತಿರುಗಿಸ್ತಿದ್ದೀನಿ" ಅನ್ನುತ್ತಿದ್ದೆ. ನಾನು ಮೇಜಿನ ಕೆಳಗೆ ಚಿಂದಿ ಬಟ್ಟೆಯ ರಾಶಿಯಲ್ಲಿ ಕೂತು ಮೂಗು ಹಿಡಿದುಕೊಳ್ಳುತ್ತಿದ್ದೆ. ಅಮ್ಮ ಬಾಗಿಲಿಗೆ ಬಂದರೆ ಅವಳೂ ಅಲ್ಲೇ ನಿಲ್ಲುತ್ತಿದ್ದಳು. ಮೂಲೆ ತಿರುಗಿದ ಮೇಲೆ ಮೂರು ಜನ ಒಟ್ಟಿಗೆ ಉಸಿರು ಬಿಟ್ಟು ನಗುತ್ತಿದ್ದೆವು. ಆಗ ನನಗೆ ಏಳು ವರ್ಷ, ನಿನಗೆ ಹತ್ತೊಂಬತ್ತು. ನಿನ್ನ ಕಾಲರು ನೋಡಿಯೇ ಜನ ಪಕ್ಕದ ಬೀದಿಯ ಅಂಗಡಿ ಬಿಟ್ಟು ನಿನ್ನ ಹತ್ತಿರ ಬರುತ್ತಿದ್ದರು.

ಇಷ್ಟು ಗೊತ್ತಿದ್ದವಳು ಗೆರೆಯಮ್ಮನಿಗೆ ಏನು ಹೇಳಿದೆ ಗೊತ್ತಾ? "ನೋಡೋಣ, ಇನ್ನೂ ಸ್ವಲ್ಪ ದಿನ ಅಳತೆ ಬರಲಿ." ಅಷ್ಟೇ.

ಮಂಗಳವಾರ, ಮಾರ್ಚ್ ೧೩

ಭಾನುವಾರ ಅಲ್ಲಿಗೇ ನಿಲ್ಲಿಸಿದೆ. ಬರೆಯುವಾಗ ನಾನೂ ಉಸಿರಂಗಿ ಹಾಕಿಕೊಂಡಿದ್ದೆ, ಎರಡು ಸಲ ಹಿಂಡಿತು. ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದೆ. ಇವತ್ತು ಬೇರೆ ಬಟ್ಟೆಯಲ್ಲಿ ಕೂತಿದ್ದೇನೆ.

ನವೆಂಬರ್ ಹದಿನಾಲ್ಕು, ಬೆಳಗ್ಗೆ ಹನ್ನೊಂದು ಇಪ್ಪತ್ತು. ಆ ಗೆರೆ ನನ್ನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಉಸಿರಿನ ಗೆರೆ ಮೇಲೆ ಕೆಳಗೆ ಆಡುತ್ತಾ ಬಂದು ಒಂದು ಕಡೆ ಸಪಾಟಾಗುತ್ತದೆ. ಆರು, ಏಳು, ಎಂಟು ಸೆಕೆಂಡು. ಅಲ್ಲಿ ಒಂದು ಚಿಕ್ಕ ಕಡ್ಡಿಯ ಗುರುತು, ಅದು ಅಂಗಿ ಹಿಂಡಿದ್ದು. ಆಮೇಲೆ ಗೆರೆ ಕಾಗದ ಹರಿದುಕೊಂಡು ಹೋದ ಹಾಗೆ ಮೇಲೆ ಹಾರುತ್ತದೆ. ಅದು ನೀನು ಕೂಗಿದ್ದು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಕೆಳಗಿನ ಇನ್ನೊಂದು ಗೆರೆ, ಎದೆಬಡಿತದ್ದು. ನೀನು ಉಸಿರು ಹಿಡಿದಾಗೆಲ್ಲ ನಿನ್ನ ಎದೆಬಡಿತ ನಿಧಾನವಾಗುತ್ತಿತ್ತು. ದಿನದ ಬೇರೆ ಯಾವ ಹೊತ್ತಿನಲ್ಲೂ ಅಷ್ಟು ನಿಧಾನವಿಲ್ಲ, ಸುಮ್ಮನೆ ಕೂತಾಗಲೂ ಇಲ್ಲ. ನಾವು ಮೂರು ವರ್ಷ ತಿಣುಕಾಡಿ ಜನಕ್ಕೆ ಕೊಡಲು ಹೊರಟಿದ್ದ ನೆಮ್ಮದಿ ಅಲ್ಲೇ ಇತ್ತು, ನಿನ್ನ ಬೆರಳಿನ ತುದಿಯಲ್ಲಿ, ಎಪ್ಪತ್ತು ಸಲ ಎಂಬತ್ತು ಸಲ. ನನ್ನ ಅಂಗಿ ಪ್ರತಿ ಸಲವೂ ನಿನ್ನನ್ನು ಅದರಿಂದ ತಟ್ಟಿ ಎಬ್ಬಿಸುತ್ತಿತ್ತು.

ಆಸ್ಪತ್ರೆಗೆ ನಾನು ಬಂದಾಗ ನೀನು ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಇಟ್ಟುಕೊಂಡು ಕೂತಿದ್ದೆ. ಡಾಕ್ಟರು "ಹೇಗಾಯ್ತಮ್ಮಾ?" ಎಂದು ಕೇಳಿದರು. ನೀನು "ವಯಸ್ಸಾಯ್ತು ಡಾಕ್ಟ್ರೇ, ಮೈ ಸುಮ್ನೆ ಬೆಚ್ಚಿಬಿತ್ತು, ಕೈ ಮಾತು ಕೇಳಲಿಲ್ಲ" ಅಂದೆ. ಅಂಗಿಯ ಮೇಲೆ ಒಂದು ಮಾತನ್ನೂ ಹೊರಿಸಲಿಲ್ಲ. ಏಕೆ ಹೊರಿಸಲಿಲ್ಲ ಎಂದು ನನಗೆ ಗೊತ್ತು. ಅದನ್ನು ಈ ಕಾಗದ ಮುಗಿಯುವುದರೊಳಗೆ ಬರೆಯುತ್ತೇನೆ.

ಮಾರನೆಯ ದಿನ ಕಚೇರಿಯಲ್ಲಿ ವರದಿ ತುಂಬಬೇಕಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಯಾರಿಗಾದರೂ ಗಾಯವಾದರೆ ಒಂದು ಹಾಳೆ ಇದೆ. ಕೊನೆಯ ಕಾಲಂ "ಕಾರಣ". ನಿಟ್ಟುಸಿರು ನನ್ನ ಹಿಂದೆ ನಿಂತು ಒಂದು ದೊಡ್ಡದು ಬಿಟ್ಟು, "ಹೊಲಿಯುವವರಿಗೆ ಸೂಜಿ ಚುಚ್ಚೋದು ಹೊಸದೇನಲ್ಲ ಅಲ್ವಾ?" ಅಂದರು. ಆಜ್ಞೆ ಮಾಡಲಿಲ್ಲ, ಕೇಳಿದರು ಅಷ್ಟೇ. ಇಲ್ಲ ಎನ್ನಬಹುದಿತ್ತು. ತಪ್ಪನ್ನು ಅವರ ಮೇಲೆ ಹಾಕಲು ಎಷ್ಟೋ ದಿನ ಪ್ರಯತ್ನಿಸಿದೆ, ಆಗಲಿಲ್ಲ. ನಾನು ಬರೆದಿದ್ದು "ಧರಿಸಿದವರ ಗಮನ ತಪ್ಪಿದ್ದು". ಸಹಿಯೂ ನನ್ನದೇ.

ನಿನ್ನ ಗಮನ, ಅಕ್ಕ! ಮನಸ್ಸು ಒಂದು ಕಡೆ ನಿಲ್ಲಿಸುವುದು ಹೇಗೆ ಎಂದು ಪೆಟ್ಟಿಗೆ ಮೇಲೆ ಅಚ್ಚು ಹಾಕಿಸುವ ನಾನು ನಿನ್ನ ಗಮನದ ಬಗ್ಗೆ ಹಾಗೆ ಬರೆದೆ.

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ಮಿಷನ್ನಿನ ಮೇಲೆ ಹಳೆಯ ಹೊದಿಕೆ ಮುಚ್ಚಿತ್ತು. ಅದರ ಮೇಲೆ ಇಸ್ತ್ರಿಪೆಟ್ಟಿಗೆ, ಭಾವನ ಔಷಧಿ, ಒಂದು ಕೊಡೆ. ಭಾವ ನನ್ನನ್ನು ಹೊರಗೆ ಕರೆದು, "ನಿನ್ನಕ್ಕ ನನ್ನ ಶರಟಿನ ಗುಂಡಿ ಹಾಕಿಸೋಕೆ ಬೀದಿ ತುದಿಯವನಿಗೆ ಕೊಟ್ಟು ಬಂದಿದ್ದಾಳೆ. ಮದುವೆಯಾದಾಗಿಂದ ಇದೇ ಮೊದಲು. ನಾನು ಗುಂಡಿ ಇಲ್ಲದೇ ಓಡಾಡ್ತೀನಿ ಅಂದ್ರೂ ಕೇಳಲಿಲ್ಲ" ಅಂದರು. ನಗಿಸಲೆಂದು ಹೇಳಿದ್ದು, ಆದರೆ ಅವರೇ ನಗಲಿಲ್ಲ. ನೀನು ಒಳಗಿನಿಂದ, "ಏನದು ಗುಸುಗುಸು? ಮುಂದಿನ ತಿಂಗಳ ಕೊನೆಗೆ ಆ ಮಿಷನ್ ಕೊಟ್ಟುಬಿಡ್ತೀನಿ ಕಣೆ. ಅಂಗಡಿ ಪಾಲುದಾರಳ ಸೊಸೆ ಕೇಳಿದ್ದಾಳೆ. ಧೂಳು ತಿನ್ನೋಕೆ ಯಾಕೆ ಇಟ್ಕೊಳ್ಳೋದು?" ಅಂದೆ. "ಬೆರಳು ವಾಸಿಯಾಗಿದೆಯಲ್ಲ ಅಕ್ಕ" ಎಂದೆ. "ಬೆರಳು ವಾಸಿಯಾಯ್ತು. ನಂಬಿಕೆ ಹೋಯ್ತು. ಸೂಜಿ ಹತ್ರ ಕೈ ಇಟ್ರೆ ಮೈ ಯಾವಾಗ ಬೆಚ್ಚುತ್ತೋ ಅಂತ ಕಾಯ್ತಾ ಕೂರ್ತೀನಿ" ಅಂದು, ನನ್ನ ಲೋಟ ತೆಗೆದುಕೊಂಡು ಒಳಗೆ ಹೋದೆ. ಆಗಲೂ ನಾನು ಬಸ್ಸಿಗೆ ಹೊತ್ತಾಯಿತು ಅಂದೆ. ಹೊತ್ತಾಗಿರಲಿಲ್ಲ, ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕೂತಿದ್ದೆ.

ಅದಕ್ಕೇ ಕೇಳುತ್ತೇನೆ, ಮಿಷನ್ ಕೊಡಬೇಡ. ಹೊಲಿ ಅನ್ನುತ್ತಿಲ್ಲ, ಹೊಲಿಯುವುದು ಬಿಡುವುದು ನಿನ್ನಿಷ್ಟ. ಕೈ ಕೆಟ್ಟಿತು ಎಂದು ತಿಳಿದು ಕೊಡಬೇಡ ಅಷ್ಟೇ.

ಇವತ್ತು ಗೆರೆಯಮ್ಮನಿಗೆ ಎಲ್ಲ ಹೇಳಿದೆ. ಊಟದ ಕೋಣೆಯಲ್ಲಿ, ಕೈತೊಳೆಯುವ ಜಾಗದ ಪಕ್ಕ ನಿಂತುಕೊಂಡೇ ಹೇಳಿದೆ, ಕೂತರೆ ಆಗುತ್ತಿರಲಿಲ್ಲ. ಅವಳು ತೆರೆದಿದ್ದ ನಲ್ಲಿಯನ್ನು ನಿಲ್ಲಿಸಿದಳು. ಆಮೇಲೆ "ಹನ್ನೊಂದನೆಯವರು ನಿಮ್ಮ ಅಕ್ಕನಾ? ನಾನು ಅವರನ್ನ ಪಾಪ ಅಂದಿದ್ದೆ. ಆ ಎದೆಬಡಿತ ನೋಡಿ ಹೊಟ್ಟೆಕಿಚ್ಚು ಪಡ್ಬೇಕಿತ್ತು" ಅಂದಳು. ನನ್ನನ್ನು ಬಯ್ಯಲಿಲ್ಲ. ಮಧ್ಯಾಹ್ನ ಪೂರ್ತಿ ನನ್ನ ಕಡೆ ತಿರುಗಲೂ ಇಲ್ಲ.

ಸೋಮವಾರ, ಹತ್ತೊಂಬತ್ತಕ್ಕೆ, ಅಂಗಿಯನ್ನು ಅಂಗಡಿಗಳಿಗೆ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸುವ ಸಭೆ ಇದೆ. ವರದಿಯ ಆ ಕಾಲಂ ತಪ್ಪು, ಬರೆದವಳು ನಾನು ಎಂದು ಅಲ್ಲಿ ಹೇಳುತ್ತೇನೆ. ನಿನ್ನ ಹೆಸರು ಹೇಳುವುದಿಲ್ಲ. ಕೈಕೆಲಸದವರು, ಶಸ್ತ್ರಚಿಕಿತ್ಸೆ ಮಾಡುವವರು, ಗಡಿಯಾರ ರಿಪೇರಿಯವರು, ಎಲ್ಲರೂ ಉಸಿರು ಹಿಡಿದೇ ಕೆಲಸ ಮಾಡುತ್ತಾರೆ, ಅವರ ಮೈಮೇಲೆ ಇದು ಅಪಾಯ ಎಂದು ಹೇಳುತ್ತೇನೆ. ಹಿಂಡುವುದನ್ನು ನಿಲ್ಲಿಸುವ ಗುಂಡಿ ತೊಟ್ಟವರ ಕೈಯಲ್ಲೇ ಇರಬೇಕು, ಕಚೇರಿಯಲ್ಲಿ ಅಲ್ಲ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಧೈರ್ಯದ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡ. ಇನ್ನೊಂದು ಸೋಮವಾರ ಸುಮ್ಮನಿರುವಷ್ಟು ತ್ರಾಣ ಉಳಿದಿಲ್ಲ, ಅಷ್ಟೇ.

ಭಾವನಿಗೆ ನನ್ನ ನೆನಪು ಹೇಳು. ಅವರ ಮಂಡಿನೋವು ನಿಜವಾಗಿಯೂ ಹೇಗಿದೆ ಎಂದು ಬರೆ. ನಿನ್ನ ಬೆರಳಿಗೆ ತಣ್ಣೀರು ತಾಗಿಸಬೇಡ. ಚಿಕ್ಕವಳು ದೊಡ್ಡವಳಿಗೆ ಹರಸುವ ಹಾಗಿಲ್ಲ, ಆದರೂ ನಿನ್ನ ಕೈ ತಣ್ಣಗಿರಲಿ ಎಂದು ಬೇಡಿಕೊಳ್ಳುತ್ತೇನೆ. ನಿನಗೆ ಮನಸ್ಸು ಬಂದ ದಿನ ನನ್ನನ್ನೂ ಹರಸು. ಅವಸರವಿಲ್ಲ.

ಇಂತಿ,
ನಿನ್ನ ಮೇಜಿನ ಕೆಳಗಿನವಳು

ಮರೆತದ್ದು: ಮರೆತಿಲ್ಲ ಅಕ್ಕ, ಸಹಿ ಹಾಕಿ ತಪ್ಪಿಸಿಕೊಳ್ಳಲು ನೋಡಿದೆ. ನೀನು ಅಂಗಿಯನ್ನು ಏಕೆ ಅನುಮಾನಿಸಲಿಲ್ಲ ಎಂದು ಬರೆಯುತ್ತೇನೆ ಅಂದಿದ್ದೆನಲ್ಲ.

ಗಾಯವಾಗುವುದಕ್ಕೆ ಮೂರು ವಾರ ಮುಂಚೆ ನೀನು ಫೋನು ಮಾಡಿ, "ಸೂಜಿ ಹಿಡಿದಾಗಲೇ ಹಿಂಡುತ್ತೆ ಕಣೆ ನಿನ್ನ ಅಂಗಿ, ಮಗು ಬಟ್ಟೆ ಜಗ್ಗಿದ ಹಾಗೆ. ಬಿಚ್ಚಿಡ್ಲಾ?" ಎಂದು ಕೇಳಿದ್ದೆ. ನಾನು "ಬಿಚ್ಚಬೇಡ, ಇಲ್ಲಿಂದಲೇ ಹಿಂಡೋದನ್ನ ಬಂದ್ ಮಾಡಿಸ್ತೀನಿ, ಬರೀ ಅಳೀಲಿ" ಅಂದೆ. ಆ ದಿನ ಮರೆತೆ. ಮಾರನೆಯ ದಿನ ನೀನು "ಮಾಡಿಸ್ದ್ಯಾ?" ಎಂದು ಕೇಳಿದಾಗ "ಆಯ್ತು" ಅಂದೆ, ಸಂಜೆ ಮಾಡಿಸಿದರಾಯಿತು ಎಂದು. ಸಂಜೆ ನಿಟ್ಟುಸಿರು ಬಂದು, "ಹನ್ನೊಂದನೆಯವರದು ಎಲ್ಲರಿಗಿಂತ ಚೆನ್ನಾಗಿ ಬರ್ತಿದೆ, ಅದೊಂದೇ ನಮ್ಮನ್ನ ಕಾಪಾಡೋದು" ಅಂದರು. ಹಿಂಡುವುದು ನಿಂತರೆ ಆ ಅಳತೆ ಪರೀಕ್ಷೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಮೇಲೆ ನಾನು ಮಾಡಿಸಲೇ ಇಲ್ಲ.

ಒಂದು ವಾರ ಬಿಟ್ಟು ನೀನು ಅಂದೆ, ಸ್ವಲ್ಪ ನಾಚಿಕೊಂಡು: "ಬಂದ್ ಆದ್ಮೇಲೂ ಹಿಂಡಿದ ಹಾಗಾಗುತ್ತೆ ಕಣೆ. ನಂಗೇನಾದ್ರೂ ಭ್ರಮೆ ಶುರುವಾಯ್ತಾ?" ನಾನು ನಕ್ಕೆ. "ನಿಂಗೆ ಅದು ಅಭ್ಯಾಸ ಆಗಿಬಿಟ್ಟಿದೆ" ಅಂದೆ. ಆಮೇಲೆ ನೀನು ಆ ಮಾತು ಎತ್ತಲಿಲ್ಲ. ಗಾಯವಾದ ದಿನ ಪಕ್ಕೆ ಹಿಂಡಿದಾಗ ನೀನು ಅನುಮಾನಿಸಿದ್ದು ನಿನ್ನನ್ನೇ. ಈಗ ದಿನಾ ನುಂಗುವ ಮಾತ್ರೆಯೂ ಅದಕ್ಕೇ ಎಂದು ಭಾವ ಹೇಳಿದರು, ಇಲ್ಲದ್ದು ಮೈಗೆ ತಾಗಿದ ಹಾಗಾಗುತ್ತೆ ಎಂದು ನೀನು ಡಾಕ್ಟರಿಗೆ ಹೇಳಿದೆಯಂತೆ. ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಡಾಕ್ಟರಿಗೆ ಈ ಕಾಗದ ತೋರಿಸು.

ಅದು ಭ್ರಮೆಯಾಗಿರಲಿಲ್ಲ. ಪ್ರತಿ ಸಲವೂ ನಿಜವಾಗಿ ಹಿಂಡಿತ್ತು. ದಿನ, ಗಂಟೆ, ನಿಮಿಷ ಸಮೇತ ನನ್ನ ಹತ್ತಿರ ಗುರುತಿದೆ.

ಇದನ್ನು ಸಭೆ ಮುಗಿದ ಮೇಲೆ ಹಾಕಿದರೆ, ಸಭೆ ನಡೆದ ರೀತಿ ನೋಡಿಕೊಂಡು ಹರಿದು ಹಾಕಿಬಿಡುತ್ತೇನೇನೋ ಎಂಬ ಭಯ ಇದೆ. ಆದ್ದರಿಂದ ಮೊದಲೇ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಆ ಹಲಗೆ ದಾಟಿದ ಕೂಡಲೇ ಸಿಗುವ ಅಂಚೆಡಬ್ಬಿಗೆ ಹಾಕುತ್ತೇನೆ: ಶುಕ್ರವಾರ, ಮಾರ್ಚ್ ಹದಿನಾರು.